ಹಡಗಿಗೊಂದು ಜಾಗ ಹುಡುಕುತ್ತಾ

ಬೆಂಗಳೂರಿನಲ್ಲಿ ಕೂತು ಅಮೆರಿಕದ ಒಂದು ಹಡಗನ್ನು ಉಳಿಸಲು ಓಡಾಡಿದೆವು ಅಂದರೆ ಜನ ಮೊದಲು ಕೇಳುವುದು, "ಇಲ್ಲಿ ಸಮುದ್ರ ಎಲ್ಲಿದೆ?" ಅಂತ. ಸಮುದ್ರ ಇಲ್ಲ, ನಿಜ. ಆದರೆ ಹಡಗಿನ ಕೆಲಸ ಇದೆ. ಹೊರದೇಶದ ಯಾರ್ಡುಗಳಲ್ಲಿ ಕಟ್ಟುವ ಎಷ್ಟೋ ಹಡಗುಗಳ ನಕ್ಷೆ ಇಲ್ಲಿನ ಆಫೀಸುಗಳಲ್ಲಿ ತಯಾರಾಗುತ್ತದೆ. ನನ್ನ ಹೊಟ್ಟೆಪಾಡೂ ಅದೇ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಹಡಗಿನ ತಗಡು, ಪೈಪು, ಏಣಿ ಬಿಡಿಸುತ್ತೇನೆ. ಹಾಗಾಗಿ ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್ ಅನ್ನುವ ಆ ಹಡಗಿನ ಹೆಸರು ನಮ್ಮ ಆಫೀಸಿನಲ್ಲಿ ಹೊಸದೇನೂ ಅಲ್ಲ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ವಿಮಾನದ ಟಿಕೆಟ್ ಅಗ್ಗವಾಗುವ ಮೊದಲು ಅಟ್ಲಾಂಟಿಕ್ ದಾಟಬೇಕು ಅಂದರೆ ಲೈನರ್ ಹತ್ತಬೇಕಿತ್ತು. ಈಗಿನ ಕ್ರೂಸ್ ಹಡಗಿನ ಹಾಗೆ ಸುತ್ತಾಡಿಸಿ ವಾಪಸ್ ತರುವಂಥದ್ದಲ್ಲ ಅದು. ಹೇಳಿದ ದಿನ ಹೊರಟು, ಬಿರುಗಾಳಿ ಇರಲಿ ಅಲೆ ಇರಲಿ, ಹೇಳಿದ ದಿನ ಆಚೆ ದಡ ಮುಟ್ಟಬೇಕು. ಆ ಜಾತಿಯ ಹಡಗುಗಳಲ್ಲಿ ಅತಿ ವೇಗದ್ದು ಇದು. 1952ರ ಜುಲೈನಲ್ಲಿ ತನ್ನ ಮೊದಲ ಯಾನದಲ್ಲೇ 3 ದಿನ 10 ಗಂಟೆ 40 ನಿಮಿಷದಲ್ಲಿ ಅಟ್ಲಾಂಟಿಕ್ ದಾಟಿತು. ಸರಾಸರಿ ವೇಗ 35.59 ನಾಟ್, ಅಂದರೆ ಗಂಟೆಗೆ ಸುಮಾರು 66 ಕಿಲೋಮೀಟರ್. ಬ್ರಿಟನ್ನಿನ ಲೈನರ್ ಕ್ವೀನ್ ಮೇರಿಯ ದಾಖಲೆಯನ್ನು ಹತ್ತು ಗಂಟೆಯಷ್ಟು ಅಂತರದಲ್ಲಿ ಮುರಿಯಿತು. ಆಮೇಲೆ ಬಂದ ಯಾವ ಲೈನರೂ ಇದರ ಹತ್ತಿರ ಸುಳಿಯಲಿಲ್ಲ.

ಉದ್ದ 990 ಅಡಿ. ನಮ್ಮ ವಿಧಾನಸೌಧ ಸುಮಾರು 700 ಅಡಿ. ವಿಧಾನಸೌಧದ ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೆ ನಡೆದು, ಮತ್ತೆ ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ ನಡೆದರೆ ಎಷ್ಟೋ ಅಷ್ಟು.

ಇದನ್ನು ರೂಪಿಸಿದವರು ವಿಲಿಯಂ ಫ್ರಾನ್ಸಿಸ್ ಗಿಬ್ಸ್. ಅವರಿಗೆ ಬೆಂಕಿಯ ಭಯ ಬಹಳ. ಅದಕ್ಕೇ ಹಡಗಿನಲ್ಲಿ ಮರ ಅನ್ನುವುದನ್ನೇ ಇಡಲಿಲ್ಲ. ಪಿಯಾನೊ ಮತ್ತು ಅಡುಗೆಮನೆಯಲ್ಲಿ ಮಾಂಸ ಕತ್ತರಿಸುವ ದಿಮ್ಮಿ, ಇವೆರಡು ಬಿಟ್ಟು. ಕೆಳಗಿನ ಒಡಲು ಉಕ್ಕು, ಮೇಲಿನ ಅಂತಸ್ತುಗಳೆಲ್ಲ ಅಲ್ಯೂಮಿನಿಯಂ. ನನ್ನಂಥವರಿಗೆ ಈ ಹಡಗಿನ ಮೇಲೆ ಪ್ರೀತಿ ಹುಟ್ಟುವುದು ಇಲ್ಲೇ. ಉಕ್ಕಿಗೆ ಅಲ್ಯೂಮಿನಿಯಂ ನೇರವಾಗಿ ತಗುಲಿ, ಮೇಲೆ ಉಪ್ಪುನೀರು ಬಿದ್ದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಆದ್ದರಿಂದ ಎರಡೂ ಸೇರುವ ಕಡೆಯಲ್ಲೆಲ್ಲ ನಡುವೆ ಏನಾದರೂ ಕೊಟ್ಟು ಒಂದಕ್ಕೊಂದು ಸೋಕದಂತೆ ನೋಡಿಕೊಳ್ಳಬೇಕು. ಅಷ್ಟು ದೊಡ್ಡ ಹಡಗಿನ ಉದ್ದಕ್ಕೂ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಕೈಯಲ್ಲಿ ನಕ್ಷೆ ಬರೆದು ಇದನ್ನು ಸಾಧಿಸಿದ್ದಾರೆ. ಆ ಜೋಡಣೆಯ ಫೋಟೋ ದೊಡ್ಡದು ಮಾಡಿ ನೋಡಿದಾಗಲೆಲ್ಲ ನನಗೆ ಇನ್ನೂ ಮೈ ಜುಮ್ಮೆನ್ನುತ್ತದೆ.

1969ರಲ್ಲಿ ಹಡಗು ಓಡುವುದು ನಿಂತಿತು. ಆಮೇಲಿನದು ಬರೀ ಅಲೆದಾಟ. 1984ರಲ್ಲಿ ಒಳಗಿನ ಸಾಮಾನೆಲ್ಲ ಹರಾಜಾಯಿತು. 1992ರಲ್ಲಿ ಟರ್ಕಿಗೆ ಎಳೆದುಕೊಂಡು ಹೋದರು. ಅಲ್ಲಿಂದ ಸೆವಾಸ್ತೊಪೋಲ್‌ಗೆ ಒಯ್ದು, ಉಸಿರಿಗೆ ಅಪಾಯವಾದ ಕಲ್ನಾರನ್ನು (ಆಸ್ಬೆಸ್ಟಾಸ್) ಕಿತ್ತರು. 1996ರಲ್ಲಿ ಫಿಲಡೆಲ್ಫಿಯಾಗೆ ಬಂದು ಒಂದು ಧಕ್ಕೆಯಲ್ಲಿ ನಿಂತಿತು. 2011ರಲ್ಲಿ ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ದಾನಿಯೊಬ್ಬರ ನೆರವಿನಿಂದ ಗುಜರಿಯವರ ಕೈಗೆ ಸಿಗದಂತೆ ಹಡಗನ್ನು ಕೊಂಡುಕೊಂಡಿತು. ಅದನ್ನು ಮುನ್ನಡೆಸಿದವರು ಗಿಬ್ಸ್ ಅವರ ಮೊಮ್ಮಗಳು ಸೂಸನ್ ಗಿಬ್ಸ್.

ಆ ಸುದ್ದಿ ಓದಿ ಹಡಗು ಉಳಿಯಿತು ಅಂತ ನಾವೆಲ್ಲ ಖುಷಿಪಟ್ಟೆವು. ನಾವು ಅಂದರೆ ಆಫೀಸಿನ ನಾಲ್ಕೈದು ಜನ, ಜೊತೆಗೆ ಚೀಫ್ ಸಾಬ್. ಚೀಫ್ ಸಾಬ್ ಮರ್ಚೆಂಟ್ ನೇವಿಯಲ್ಲಿ ಚೀಫ್ ಇಂಜಿನಿಯರ್ ಆಗಿದ್ದವರು. ಊರು ಹೊನ್ನಾವರದ ಕಡೆ, ನಿವೃತ್ತಿಯಾದ ಮೇಲೆ ಮಗಳ ಮನೆ ಅಂತ ಜಯನಗರಕ್ಕೆ ಬಂದವರು. ಶನಿವಾರ ಸಂಜೆ ನಾಲ್ಕನೇ ಬ್ಲಾಕಿನ ಹತ್ತಿರ ಕಾಫಿಗೆ ಸೇರಿ ಹಡಗಿನ ಮಾತಾಡುವುದು ನಮ್ಮ ರೂಢಿ.

ನಮ್ಮ ಹರಟೆ ಕೆಲಸವಾಗಿ ಬದಲಾಗಿದ್ದು 2024ರ ಜೂನ್‌ನಲ್ಲಿ.

ಆಗಿದ್ದು ಇಷ್ಟು. ಧಕ್ಕೆಯ ಮಾಲೀಕರು 2021ರಲ್ಲಿ ಬಾಡಿಗೆಯನ್ನು ದಿನಕ್ಕೆ 850 ಡಾಲರ್‌ನಿಂದ 1,700 ಡಾಲರ್‌ಗೆ ಏರಿಸಿದ್ದರು. ಕನ್ಸರ್ವೆನ್ಸಿ ಒಪ್ಪಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. ಏರಿಸಿದ ಬಾಡಿಗೆಯ ಬಾಕಿ ಕೊಡಬೇಕಾಗಿಲ್ಲ, ಆದರೆ ಸೆಪ್ಟೆಂಬರ್ 12ರೊಳಗೆ ಜಾಗ ಖಾಲಿ ಮಾಡಬೇಕು ಅಂತ ತೀರ್ಪು ಬಂತು. ತೊಂಬತ್ತು ದಿನ. 990 ಅಡಿಯ, ಇಂಜಿನ್ ಸತ್ತಿರುವ ಹಡಗನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು?

ಕನ್ಸರ್ವೆನ್ಸಿ ಎರಡು ಸಹಾಯ ಕೇಳಿತು. ಸ್ಥಳಾಂತರದ ಖರ್ಚಿಗೆ 5 ಲಕ್ಷ ಡಾಲರ್ ಚಂದಾ, ಮತ್ತು ಸರ್ಕಾರದಲ್ಲಿ ಇರುವವರಿಗೆ ಪತ್ರ. ನಾವು ಎರಡಕ್ಕೂ ಕೈ ಹಾಕಿದೆವು.

ದುಡ್ಡಿನ ವಿಷಯ ಮೊದಲು. ನಮ್ಮಲ್ಲಿ ಕಾರ್ಡ್ ಇದ್ದವರು ಕಾರ್ಡಿನಲ್ಲೇ ಕಳಿಸಿದರು. ಚೀಫ್ ಸಾಬ್ ಬಳಿ ಹೊರದೇಶಕ್ಕೆ ನಡೆಯುವ ಕಾರ್ಡ್ ಇರಲಿಲ್ಲ, ಕಳಿಸಬೇಕು ಅಂದುಕೊಂಡ ಮೊತ್ತವೂ ದೊಡ್ಡದು. ಹಾಗಾಗಿ ಅವರ ಜೊತೆ ಬ್ಯಾಂಕಿಗೆ ನಾನು ಹೋದೆ. ಎಲ್ಲರ ದುಡ್ಡನ್ನೂ ಒಟ್ಟುಗೂಡಿಸಿ ಅವರ ಖಾತೆಯಿಂದಲೇ ಕಳಿಸಿಬಿಡೋಣ ಅನ್ನುವ ಮಾತು ಬಂದಿತ್ತು. ಬ್ಯಾಂಕಿನಾಕೆ ಅದಾಗಲ್ಲ ಅಂದರು. ಹೊರದೇಶಕ್ಕೆ ದಾನ ಕಳಿಸುವ ಅವಕಾಶ ಇರುವುದು ಒಬ್ಬೊಬ್ಬ ವ್ಯಕ್ತಿಗೆ, ಅವರವರ ಪ್ಯಾನ್ ಮೇಲೆ, ಅವರವರ ಸ್ವಂತ ದುಡ್ಡಿಗೆ. ಎ2 ಅನ್ನುವ ಫಾರಂ ತುಂಬಬೇಕು. ಯಾಕೆ ಕಳಿಸುತ್ತಿದ್ದೀರಿ ಅನ್ನುವುದಕ್ಕೆ ಒಂದು ಕೋಡ್ ಆರಿಸಬೇಕು.

"ಹಡಗಿಗಾ ಸಾರ್? ಹಡಗು ತಗೊಳ್ತಿದ್ದೀರಾ?" ಅಂತ ಆಕೆ ಕೇಳಿದರು.

"ಇಲ್ಲಮ್ಮ, ಇರೋದನ್ನ ಉಳಿಸ್ಕೊಳ್ಳೋಕೆ."

"ನಿಮಗೇನು ಸಾರ್ ಅದರಿಂದ?"

ಚೀಫ್ ಸಾಬ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಫೋನ್ ತೆಗೆದು ಹಡಗಿನ ಫೋಟೋ ತೋರಿಸಿದರು. ಬಣ್ಣ ಹಪ್ಪಳೆ ಎದ್ದಿರುವ, ಮಾಸಿದ ಕೆಂಪು ಬಿಳಿ ನೀಲಿಯ ಆ ಎರಡು ದೊಡ್ಡ ಚಿಮಣಿಗಳು. "ಇದಕ್ಕಿಂತ ಚೆನ್ನಾಗಿ ಯಾರೂ ಮಾಡಿಲ್ಲಮ್ಮ, ಅದಕ್ಕೆ," ಅಂದರು. ಆಕೆ ಫೋಟೋವನ್ನು ಹಿಗ್ಗಿಸಿ ನೋಡಿ, ಪಕ್ಕದ ಕೌಂಟರಿನವರನ್ನೂ ಕರೆದು ತೋರಿಸಿದರು. ದಾನದ ಕೋಡ್ ಹುಡುಕಿ ತಾವೇ ಬರೆದುಕೊಟ್ಟರು. ಆದಾಯ ತೆರಿಗೆಯಲ್ಲಿ ಇದಕ್ಕೆ ಏನೂ ಬಿಡುವುದಿಲ್ಲ ಅಂತಲೂ ಮೊದಲೇ ಹೇಳಿದರು. ತೆರಿಗೆ ರಿಯಾಯಿತಿ ಇರುವುದು ನಮ್ಮ ದೇಶದ ಸಂಸ್ಥೆಗಳಿಗೆ ಕೊಟ್ಟ ದಾನಕ್ಕೆ ಮಾತ್ರ. ಗೊತ್ತಿರಲಿ ಅಂತ ಬರೆದೆ, ನಾಳೆ ಯಾರಿಗಾದರೂ ಬೇಕಾಗಬಹುದು.

ಪತ್ರ ಬರೆಯುವುದು ಬೇಗ ಮುಗಿಯಿತು. ಹೊರದೇಶದವರ ಪತ್ರಕ್ಕೆ ಅಲ್ಲಿ ಎಷ್ಟು ಬೆಲೆ ಇರುತ್ತದೆ ಅನ್ನುವುದು ನಮಗೂ ಗೊತ್ತಿತ್ತು. ಆದರೂ ಬರೆದೆವು.

ನಿಜವಾದ ಕೆಲಸ ಧಕ್ಕೆಯದ್ದು. ನಮ್ಮ ಕಸುಬು ಉಪಯೋಗಕ್ಕೆ ಬಂದದ್ದೂ ಅಲ್ಲೇ. ಇಂಥ ಹಡಗು ನಿಲ್ಲಬೇಕಾದರೆ ಒಂದು ಜಾಗದಲ್ಲಿ ಏನೇನು ಇರಬೇಕು ಅಂತ ಒಂದು ಟಿಪ್ಪಣಿ ಮಾಡಿ, ಅಮೆರಿಕದ ಬಂದರುಗಳಿಗೆ ಕಳಿಸೋಣ ಅಂತ ತೀರ್ಮಾನಿಸಿದೆವು. ರಾತ್ರಿ ಊಟವಾದ ಮೇಲೆ ಅವರವರ ಮನೆಯಿಂದ ಕೂತು ಮಾಡಿದ ಕೆಲಸ.

ಸಾವಿರ ಅಡಿಗಿಂತ ಉದ್ದದ ಧಕ್ಕೆ ಬೇಕು, ಇದು ಯಾರಿಗಾದರೂ ಹೊಳೆಯುತ್ತದೆ. ಗಾಳಿಯ ವಿಷಯ ಅಷ್ಟು ಸುಲಭಕ್ಕೆ ಹೊಳೆಯುವುದಿಲ್ಲ. ಈ ಹಡಗಿನ ಒಳಗೆ ಆಗ ಏನೂ ಉಳಿದಿರಲಿಲ್ಲ. ಎಣ್ಣೆ ಇಲ್ಲ, ಪೀಠೋಪಕರಣ ಇಲ್ಲ, ಗೋಡೆಗಳೂ ಹೆಚ್ಚಿಲ್ಲ. ಹಗುರವಾದ್ದರಿಂದ ನೀರಿನಿಂದ ಮೇಲೆದ್ದು ನಿಂತಿತ್ತು. ಮೇಲೆದ್ದಷ್ಟೂ ಗಾಳಿಗೆ ಎದೆ ಕೊಡುತ್ತದೆ. ಗಂಟೆಗೆ ನೂರು ಕಿಲೋಮೀಟರ್ ಗಾಳಿ ಪಕ್ಕದಿಂದ ಬೀಸಿದರೆ ಹಗ್ಗಗಳ ಮೇಲೆ ಬೀಳುವ ಎಳೆತ ನನ್ನ ಅಂದಾಜಿನಲ್ಲಿ ಮುನ್ನೂರು ಟನ್ನಿಗೂ ಜಾಸ್ತಿ. ಸಾಮಾನ್ಯ ಹಡಗಾದರೆ ಬಿರುಗಾಳಿ ಸೂಚನೆ ಬಂದ ಕೂಡಲೇ ಬಂದರು ಬಿಟ್ಟು ಸಮುದ್ರಕ್ಕೆ ಹೋಗಬಹುದು. ಇಂಜಿನ್ ಓಡದ್ದು ಎಲ್ಲಿಗೆ ಹೋಗಬೇಕು? ಅಲ್ಲೇ ನಿಂತು ತಡೆದುಕೊಳ್ಳಬೇಕು. ಹಾಗಾಗಿ ಧಕ್ಕೆಯಲ್ಲಿ ಹಗ್ಗ ಕಟ್ಟುವ ಗೂಟಗಳು ಎಷ್ಟು ಭಾರ ತಡೆಯುತ್ತವೆ, ಅವುಗಳ ಕೆಳಗಿನ ಕಾಂಕ್ರೀಟ್ ಯಾವ ಕಾಲದ್ದು, ಇದನ್ನೆಲ್ಲ ಕೇಳಬೇಕು. ಜೊತೆಗೆ ವಿಮೆ, ಬೆಂಕಿ ಆರಿಸುವ ನೀರಿನ ಪೈಪು, ಒಳಚರಂಡಿ. ಮುಂದೆ ಹೋಟೆಲ್ಲೋ ಮ್ಯೂಸಿಯಮ್ಮೋ ಆಗುವುದಾದರೆ ಕಾರು ನಿಲ್ಲಿಸಲು ಮೈದಾನ.

ಉತ್ತರಗಳು ಬಂದವು. ಎಲ್ಲವೂ ಮರ್ಯಾದೆಯಿಂದಲೇ ಬರೆದಿದ್ದವು. ನಿಮ್ಮ ಆಸಕ್ತಿಗೆ ಧನ್ಯವಾದ, ಸದ್ಯ ಜಾಗವಿಲ್ಲ. ಕೆಲವರು ಉತ್ತರವನ್ನೇ ಕೊಡಲಿಲ್ಲ. ಒಬ್ಬ ಬಂದರು ಅಧಿಕಾರಿ ಮಾತ್ರ ನೇರವಾಗಿ ಕೇಳಿದರು: ನಮ್ಮ ಧಕ್ಕೆಯಲ್ಲಿ ಇದು ಮುಳುಗಿದರೆ ಎತ್ತುವ ಖರ್ಚು ಯಾರದು? ಆ ಪ್ರಶ್ನೆ ನನಗೆ ಕೋಪ ತರಿಸಲಿಲ್ಲ. ಅವರ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ನಮಗಿಂತ ಎಷ್ಟೋ ಪಾಲು ದೊಡ್ಡವರಿಗೂ ಇದೇ ಗತಿ ಆಗಿತ್ತು. 2016ರಲ್ಲಿ ಕ್ರಿಸ್ಟಲ್ ಕ್ರೂಸಸ್ ಕಂಪನಿ ಹಡಗನ್ನು ಮತ್ತೆ ಓಡಿಸುವ ಮಾತಾಡಿ, ಪರೀಕ್ಷೆ ಮಾಡಿಸಿ, ಅದೇ ವರ್ಷ ಕೈ ಬಿಟ್ಟಿತು. ಆಮೇಲೆ ನ್ಯೂಯಾರ್ಕಿನ ಕಟ್ಟಡ ಕಂಪನಿ ಆರ್‌ಎಕ್ಸ್‌ಆರ್ ಹೋಟೆಲ್ ಮತ್ತು ಮ್ಯೂಸಿಯಂ ಮಾಡುವ ಯೋಜನೆ ಹಾಕಿತು. ನಕ್ಷೆಗಳು ಚೆನ್ನಾಗಿದ್ದವು. ದುಡ್ಡು ಹಾಕುವ ಶಕ್ತಿಯೂ ಅವರಿಗಿತ್ತು. ನಿಲ್ಲಿಸಲು ಧಕ್ಕೆ ಮಾತ್ರ ಕೊನೆಗೂ ಸಿಗಲಿಲ್ಲ.

ಉಳಿದಿರುವ ಹಳೇ ಲೈನರುಗಳನ್ನು ನೋಡಿ. ಕ್ವೀನ್ ಮೇರಿ ಲಾಂಗ್ ಬೀಚ್‌ನಲ್ಲಿ 1967ರಿಂದ ಇದೆ, ಯಾಕೆಂದರೆ ಆ ಊರೇ ಅದನ್ನು ಕೊಂಡು ಜಾಗ ಕೊಟ್ಟಿತು. ಜಪಾನಿನ ಹಿಕಾವಾ ಮಾರು 1961ರಿಂದ ಯೊಕೊಹಾಮಾದ ಯಮಾಶಿತಾ ಪಾರ್ಕಿನ ಎದುರಿಗೇ ಕಟ್ಟಿಕೊಂಡಿದೆ. ರಾಟರ್‌ಡ್ಯಾಮ್ ಅನ್ನುವ ಹಡಗು ರಾಟರ್‌ಡ್ಯಾಮ್ ಊರಿನಲ್ಲೇ ಹೋಟೆಲ್ ಆಗಿದೆ. ಅಷ್ಟು ದೂರ ಯಾಕೆ, ನಮ್ಮ ಕಾರವಾರದಲ್ಲಿ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಇಲ್ಲವೇ? ಸಣ್ಣ ಕ್ಷಿಪಣಿ ದೋಣಿ, ನಿಜ. ಆದರೆ ಮರಳಿನ ಮೇಲೆ ಗಟ್ಟಿ ಜಾಗ ಸಿಕ್ಕಿತು, ಶಾಲೆ ಮಕ್ಕಳು ಇವತ್ತಿಗೂ ಹತ್ತಿ ಇಳಿಯುತ್ತಾರೆ. ತುಕ್ಕಿಗೆ ಬಣ್ಣ ಇದೆ, ತೂತಿಗೆ ವೆಲ್ಡಿಂಗ್ ಇದೆ. ಬಾಡಿಗೆಗೆ ಇಂಥ ಮದ್ದಿಲ್ಲ. ಹಡಗುಗಳನ್ನು ಗುಜರಿಗೆ ಕಳಿಸುವುದು ಹೆಚ್ಚಾಗಿ ಆ ಬಾಡಿಗೆಯೇ ಅನ್ನುವುದು ಈ ಕೆಲಸದಿಂದ ನನಗೆ ಖಾತ್ರಿಯಾದ ವಿಷಯ.

2024ರ ಅಕ್ಟೋಬರ್‌ನಲ್ಲಿ ಫ್ಲೋರಿಡಾದ ಒಕಲೂಸಾ ಕೌಂಟಿ 10 ಲಕ್ಷ ಡಾಲರ್ ಕೊಟ್ಟು ಹಡಗನ್ನು ಕೊಳ್ಳಲು ಒಪ್ಪಿತು. ಉಳಿಸಲು ಅಲ್ಲ, ಸಮುದ್ರದಲ್ಲಿ ಮುಳುಗಿಸಲು. ಚೊಕ್ಕ ಮಾಡಿ, ತಳಕ್ಕಿಳಿಸಿ, ಮೀನುಗಳಿಗೆ ಮನೆಯಾಗುವ ಕೃತಕ ದಿಬ್ಬವಾಗಿಸುವುದು ಅವರ ಯೋಜನೆ. ಡೈವಿಂಗ್ ಮಾಡುವವರು ನೋಡಲು ಬರುತ್ತಾರೆ, ಊರಿಗೆ ಆದಾಯ. ಅದೇ ಫ್ಲೋರಿಡಾ ಕರಾವಳಿಯಲ್ಲಿ ಒರಿಸ್ಕನಿ ಎಂಬ ವಿಮಾನವಾಹಕ ಹಡಗನ್ನು 2006ರಲ್ಲಿ ಹೀಗೇ ಮುಳುಗಿಸಿದ್ದರು. ದಡದಲ್ಲಿ ಒಂದು ಮ್ಯೂಸಿಯಂ ಮಾಡಿ ಚಿಮಣಿಗಳನ್ನು ಅಲ್ಲಿ ಇಡುವುದು ಒಪ್ಪಂದದ ಇನ್ನೊಂದು ಭಾಗ.

ಆ ಶನಿವಾರ ನಮ್ಮಲ್ಲಿ ಜಗಳವೇ ಆಯಿತು. ನನಗೆ ಇದು ಸಾವೇ. ಮುಳುಗಿಸಿದ ಹಡಗನ್ನು ನನ್ನ ಅಮ್ಮ ಹತ್ತಿ ನೋಡಲಾರರು, ಶಾಲೆ ಮಕ್ಕಳು ನೋಡಲಾರರು. ಆ ಅಲ್ಯೂಮಿನಿಯಂ ಜೋಡಣೆ ಉಪ್ಪುನೀರಿನಲ್ಲಿ ಎಷ್ಟು ಕಾಲ ಬಾಳುತ್ತದೆ? ಗಿಬ್ಸ್ ಯಾವುದರಿಂದ ಅದನ್ನು ಕಾಪಾಡಲು ಹೆಣಗಿದರೋ ಅದರ ಬಾಯಿಗೇ ಕೊಡುತ್ತಿದ್ದಾರೆ ಅಂತ ದನಿ ಏರಿಸಿ ಹೇಳಿದೆ.

ಚೀಫ್ ಸಾಬ್ ಒಪ್ಪಲಿಲ್ಲ. ಅವರು ಗುಜರಾತಿನಲ್ಲಿ ಹಡಗು ಒಡೆಯುವ ದಡವಾದ ಅಲಂಗ್ ಕಂಡವರು. ಒಂದು ಸಲ ಹಡಗನ್ನು ಗುಜರಿಗೆ ಮುಟ್ಟಿಸುವ ಕೊನೇ ಯಾನದಲ್ಲಿ ಇಂಜಿನ್ ರೂಮಿನಲ್ಲಿ ಇದ್ದವರು. ಅದನ್ನು ಅವತ್ತು ಮೊದಲ ಬಾರಿ ಪೂರ್ತಿಯಾಗಿ ಹೇಳಿದರು. ಖಂಭಾತ್ ಕೊಲ್ಲಿಯಲ್ಲಿ ಭರತ ಇಳಿತದ ಅಂತರ ಹತ್ತು ಮೀಟರಿನಷ್ಟು ಇರುತ್ತದೆ. ದೊಡ್ಡ ಭರತ ಬರುವ ದಿನಕ್ಕೆ ಕಾಯುತ್ತಾರೆ. ನೀರು ತುಂಬಿದ ಹೊತ್ತಿಗೆ ಮೇಲಿನಿಂದ ಫುಲ್ ಅಹೆಡ್ ಅಂತ ಆದೇಶ ಬರುತ್ತದೆ. ಜೀವಮಾನವಿಡೀ ಹಡಗು ನೆಲಕ್ಕೆ ತಾಗದಂತೆ ಕಾಯ್ದ ಇಂಜಿನ್ನನ್ನು ಪೂರ್ತಿ ವೇಗದಲ್ಲಿ ದಡದ ಕಡೆಗೇ ಓಡಿಸಬೇಕು. "ಮೊದಲು ಕೆಸರು ತಾಗುತ್ತೆ. ಕಾಲಡಿ ಪ್ಲೇಟು ನಡುಗುತ್ತೆ. ಆದ್ರೂ ಇಂಜಿನ್ ನಿಲ್ಲಿಸೋ ಹಾಗಿಲ್ಲ, ಇನ್ನೂ ಒಳಗೆ ನುಗ್ಗಬೇಕು. ಆಮೇಲೆ ಫಿನಿಶ್ಡ್ ವಿತ್ ಇಂಜಿನ್ಸ್ ಅಂತ ಬರುತ್ತೆ. ನಾನೇ ಕೈಯಾರೆ ಇಂಧನ ಬಂದ್ ಮಾಡಿದೆ. ಹಗ್ಗದ ಏಣೀಲಿ ಇಳಿಯೋ ಹೊತ್ತಿಗೆ ದಡದಲ್ಲಿ ಕಟರ್‌ನವರು ನಿಂತಿದ್ರು," ಅಂದರು. "ಅದಕ್ಕಿಂತ ನೀರಿನಡಿ ಇಡಿಯಾಗಿ ಇರೋದು ವಾಸಿ ಕಣಪ್ಪಾ."

ನಾನು ಅವರಿಗೆ ಎದುರು ಮಾತಾಡಲಿಲ್ಲ. ಒಪ್ಪಲೂ ಇಲ್ಲ.

ಅಲಂಗ್‌ನಲ್ಲಿ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತೇ ಇದೆ. 1962ರಿಂದ ಅಟ್ಲಾಂಟಿಕ್ ದಾಟುತ್ತಿದ್ದ ಎಸ್‌ಎಸ್ ಫ್ರಾನ್ಸ್, ಮುಂದೆ ನಾರ್ವೆ ಆಗಿ, ಕೊನೆಗೆ ಬ್ಲೂ ಲೇಡಿ ಅನ್ನುವ ಹೆಸರಲ್ಲಿ 2006ರ ಆಗಸ್ಟ್‌ನಲ್ಲಿ ಆ ದಡಕ್ಕೆ ಬಂತು. ಕಲ್ನಾರಿನ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2007ರ ಸೆಪ್ಟೆಂಬರ್‌ನಲ್ಲಿ ಒಡೆಯಲು ಅನುಮತಿ ಸಿಕ್ಕಿತು. ನಮ್ಮದೇ ಐಎನ್‌ಎಸ್ ವಿರಾಟ್ ಕಥೆ ಇನ್ನೂ ನೋವಿನದು. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ಮ್ಯೂಸಿಯಂ ಮಾಡಲು 852 ಕೋಟಿಯ ಯೋಜನೆಗೆ ಒಪ್ಪಿತ್ತು. ಅದು ಕೈಗೂಡಲಿಲ್ಲ. 2020ರಲ್ಲಿ 38.54 ಕೋಟಿಗೆ ಗುಜರಿಗೆ ಹೋಯಿತು. ಉಳಿಸುತ್ತೇವೆ ಅಂತ ಒಂದು ಕಂಪನಿ ಸುಪ್ರೀಂ ಕೋರ್ಟಿಗೆ ಹೋಗಿ, 2021ರ ಫೆಬ್ರವರಿಯಲ್ಲಿ ತಡೆಯೂ ಸಿಕ್ಕಿತು. ಅಷ್ಟರಲ್ಲಿ ಶೇಕಡ 40ರಷ್ಟು ಕಡಿದಾಗಿತ್ತು. ಏಪ್ರಿಲ್‌ನಲ್ಲಿ ಅರ್ಜಿ ಬಿದ್ದುಹೋಯಿತು. ಮೂವತ್ತು ವರ್ಷ ನಮ್ಮ ನೌಕಾಪಡೆಯಲ್ಲಿ ದುಡಿದ ಹಡಗು ಅದು.

ಯುನೈಟೆಡ್ ಸ್ಟೇಟ್ಸ್ ಹೊರಡುವುದು ನವೆಂಬರ್‌ನಲ್ಲಿ ಅಂತ ಇತ್ತು. ಹಡಗಿನ ಸ್ಥಿರತೆಯ ಬಗ್ಗೆ ಅಲ್ಲಿನ ಕೋಸ್ಟ್ ಗಾರ್ಡ್ ಪ್ರಶ್ನೆ ಎತ್ತಿದ್ದರಿಂದ ಮುಂದಕ್ಕೆ ಹೋಯಿತು. ಹೊರಟಿದ್ದು 2025ರ ಫೆಬ್ರವರಿ 19ರಂದು. ಅಲ್ಲಿ ಹಗಲು, ನಮಗೆ ರಾತ್ರಿ. ಸೇತುವೆಗಳ ಕೆಳಗೆ ನುಸುಳಬೇಕಾದ್ದರಿಂದ ನದಿಯಲ್ಲಿ ನೀರು ಇಳಿಯುವ ಹೊತ್ತಿಗೆ ಕಾದು ಬಿಟ್ಟರು. ನಾವೆಲ್ಲ ಚೀಫ್ ಸಾಬ್ ಮನೆಯಲ್ಲಿ ಸೇರಿ ಟಿವಿಯಲ್ಲಿ ನೋಡಿದೆವು. ಟಗ್ ದೋಣಿಗಳು ಎಳೆಯುತ್ತಿದ್ದವು. ಚಿಮಣಿಯ ತುದಿಗೂ ವಾಲ್ಟ್ ವಿಟ್ಮನ್ ಸೇತುವೆಗೂ ನಡುವಿನ ಸಂದು ಕಾಣಿಸಿದಾಗ ಯಾರೂ ಉಸಿರೆತ್ತಲಿಲ್ಲ. ಆಚೆ ದಾಟಿದ ಮೇಲೆ ಚೀಫ್ ಸಾಬ್ ಹೆಂಡತಿ, "ಎಷ್ಟು ಚೆಂದ ಹೋಗ್ತಿದೆ ನೋಡ್ರೀ," ಅಂದರು. ಹೌದು, ಚೆಂದವೇ ಇತ್ತು. ಐವತ್ತೈದು ವರ್ಷ ಸುಮ್ಮನೆ ನಿಂತ ಮೇಲೂ ಆ ಮೂತಿಯ ಗೆರೆ ಹಾಗೇ ಇತ್ತು. ಮಾರ್ಚ್ ಮೊದಲ ವಾರ ಅಲಬಾಮಾದ ಮೊಬೀಲ್ ತಲುಪಿತು. ಮುಳುಗಿಸುವ ಮೊದಲಿನ ಶುಚಿ ಕೆಲಸಕ್ಕೆ ಅಲ್ಲಿ ನಿಲ್ಲಿಸಿದರು.

ನಮ್ಮ ಟಿಪ್ಪಣಿ ಹಾಗೇ ಉಳಿಯಿತಲ್ಲ, ಅದಕ್ಕೆ ಈಗ ಬೇರೆ ಕೆಲಸ ಬಂದಿದೆ. ನಮ್ಮ ಕರಾವಳಿಯ ಒಂದು ಊರಿನವರು, ನಿವೃತ್ತಿಯಾಗುವ ಸಣ್ಣ ಹಡಗೊಂದನ್ನು ತಂದು ದಡದಲ್ಲಿ ಇಡಬೇಕು ಅಂತ ಚೀಫ್ ಸಾಬ್ ಹತ್ತಿರ ಬಂದಿದ್ದರು. ಯಾವ ಹಡಗು ಕೇಳೋಣ, ಯಾರಿಗೆ ಅರ್ಜಿ ಹಾಕೋಣ ಅನ್ನುವುದೇ ಅವರ ಮಾತು. ಹಡಗಿನ ಹೆಸರು ಆಮೇಲೆ ನೋಡೋಣ ಅಂದೆವು. ಟಿಪ್ಪಣಿಯನ್ನು ಕನ್ನಡದಲ್ಲಿ ಹೊಸದಾಗಿ ಬರೆದು ಕೊಟ್ಟೆವು. ಮೊದಲ ಪುಟದಲ್ಲಿ ಜಾಗದ ವಿಚಾರ ಮಾತ್ರ ಇದೆ: ಸರ್ವೆ ನಂಬರ್ ಏನು, ಜಾಗ ಯಾರ ಹೆಸರಲ್ಲಿದೆ, ಎಷ್ಟು ವರ್ಷಕ್ಕೆ ಬರೆದುಕೊಡುತ್ತಾರೆ, ಮಳೆಗಾಲದಲ್ಲಿ ಅಲೆ ಎಲ್ಲಿವರೆಗೆ ಬರುತ್ತದೆ, ಬಣ್ಣದ ಖರ್ಚು ಪ್ರತಿ ವರ್ಷ ಯಾರು ಕೊಡುತ್ತಾರೆ. ಹೋದ ತಿಂಗಳು ಪಹಣಿ ಕಳಿಸಿದ್ದಾರೆ. ಮಣ್ಣು ಪರೀಕ್ಷೆ ಮಾಡಿಸಬೇಕು, ಅದಕ್ಕೆ ದುಡ್ಡು ಸೇರಿಸುತ್ತಿದ್ದೇವೆ.